ಮಂಗಳವಾರ ರಾತ್ರಿ ಇಲ್ಲಿ, ಬುಧವಾರ ಬೆಳಗ್ಗೆ ಅಲ್ಲಿ

ಇಂಗ್ಲೆಂಡಿನಲ್ಲಿ ಕೆಲಸ ಮಾಡುವ ನಮ್ಮ ಕಡೆಯ ಕಿರಿಯ ಡಾಕ್ಟರುಗಳ ಮನೆಯಲ್ಲಿ ಜೂನ್-ಜುಲೈ ಹೊತ್ತಿಗೆ ಒಂದೇ ಥರದ ಫೋನ್ ಜಗಳ ನಡೆಯುತ್ತದೆ. ಆಷಾಢ ಮುಗಿದು ಶ್ರಾವಣ ಬಂದರೆ ಮದುವೆಗಳ ಸಾಲು. "ತಮ್ಮನ ಮದುವೆ ಕಣೋ, ಒಂದು ವಾರ ರಜೆ ಕೇಳೋಕೆ ಏನು ಕಷ್ಟ ನಿಂಗೆ?" ಅಂತ ಅಮ್ಮ. "ಆಸ್ಪತ್ರೆ ಬದಲಾಗ್ತಾ ಇದೆ ಅಮ್ಮಾ, ಹೊಸ ರೋಟಾ, ಅದೇ ಡ್ಯೂಟಿ ಲಿಸ್ಟ್, ಇನ್ನೂ ಬಂದಿಲ್ಲ" ಅಂತ ಮಗ. ಅಮ್ಮನಿಗೆ ಇದು ಸುಮ್ನೆ ನೆಪ ಅನಿಸುತ್ತದೆ. ನೆಪ ಅಲ್ಲ. ರಜೆ ಕೇಳುವುದು ಯಾರನ್ನ ಅನ್ನುವುದೇ ಅವನಿಗೆ ಗೊತ್ತಿಲ್ಲ. ಹಳೇ ಆಸ್ಪತ್ರೆಗೆ ಆಗಸ್ಟಿನಲ್ಲಿ ಅವನು ಇರುವುದಿಲ್ಲ. ಹೊಸ ಆಸ್ಪತ್ರೆಗೆ ಅವನು ಇನ್ನೂ ಪಟ್ಟಿಯಲ್ಲಿರುವ ಒಂದು ಹೆಸರು ಅಷ್ಟೇ.

ಇದು ಒಬ್ಬಿಬ್ಬರ ಗೋಳಲ್ಲ, ಆ ವ್ಯವಸ್ಥೆ ಕಟ್ಟಿರುವ ರೀತಿಯೇ ಹಾಗಿದೆ. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ಓಡಾಟದ ಕಥೆ. ನಮ್ಮಲ್ಲಿ ಹೌಸ್‌ಸರ್ಜನ್ ಆದರೆ ಹೆಚ್ಚುಕಮ್ಮಿ ಅದೇ ಕಾಲೇಜಿನ ಕಾಂಪೌಂಡಿನೊಳಗೆ ಒಂದು ವರ್ಷ ಸುತ್ತುತ್ತೀರಿ. ಪಿಜಿ ಸೇರಿದರೆ ಮೂರು ವರ್ಷ ಅದೇ ಕಾಲೇಜು, ಅದೇ ಕ್ಯಾಂಟೀನು. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನಲ್ಲಿ ಹಾಗಲ್ಲ. ಎಂಬಿಬಿಎಸ್ ಮುಗಿದ ಮೇಲಿನ ಮೊದಲ ಎರಡು ವರ್ಷಕ್ಕೆ ಅಲ್ಲಿ ಫೌಂಡೇಶನ್ ಅನ್ನುತ್ತಾರೆ, 2005ರಲ್ಲಿ ಬಂದದ್ದು. ಸಾಮಾನ್ಯವಾಗಿ ನಾಲ್ಕು ನಾಲ್ಕು ತಿಂಗಳ ಆರು ಕೆಲಸಗಳು. ಹಾಗಾಗಿ ಆಗಸ್ಟ್, ಡಿಸೆಂಬರ್, ಏಪ್ರಿಲ್ ತಿಂಗಳುಗಳ ಮೊದಲ ಬುಧವಾರ ವಿಭಾಗ ಬದಲು. ಆಮೇಲಿನ ಸ್ಪೆಷಾಲಿಟಿ ಟ್ರೈನಿಂಗ್‌ನಲ್ಲಿ ಹೆಚ್ಚಾಗಿ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಆಸ್ಪತ್ರೆಯೇ ಬದಲು. ಒಂದೊಂದು ಟ್ರೈನಿಂಗ್ ವಲಯವೂ ದೊಡ್ಡದು. ಪೂರ್ವ ಇಂಗ್ಲೆಂಡ್ ವಲಯದಲ್ಲಿ ನಾರ್ವಿಚ್ಚೂ ಇದೆ, ಲೂಟನ್ನೂ ಇದೆ. ನಡುವಿನ ದೂರ ಬೆಂಗಳೂರು-ಮೈಸೂರಿಗಿಂತ ಸ್ವಲ್ಪ ಜಾಸ್ತಿ. ಮಂಗಳವಾರ ಇಲ್ಲಿ, ಬುಧವಾರ ಅಲ್ಲಿ. ಜೂನಿಯರ್ ಡಾಕ್ಟರ್ ಅಂತಿದ್ದ ಹೆಸರನ್ನು 2024ರ ಸೆಪ್ಟೆಂಬರಿನಲ್ಲಿ ರೆಸಿಡೆಂಟ್ ಡಾಕ್ಟರ್ ಅಂತ ಬದಲಾಯಿಸಿದರು. ಬುಧವಾರ ಬದಲಾಗಲಿಲ್ಲ.

ಎಲ್ಲಕ್ಕಿಂತ ದೊಡ್ಡದು ಆಗಸ್ಟಿನ ಬುಧವಾರ. ಕಾಲೇಜಿನಿಂದ ಆಗಷ್ಟೇ ಹೊರಬಿದ್ದ ಹೊಸಬರು ಸೇರುವುದೂ, ಅವರಿಗಿಂತ ಒಂದೆರಡು ವರ್ಷ ಹಿರಿಯರು ಬೇರೆ ಆಸ್ಪತ್ರೆಗೆ ಹೋಗುವುದೂ ಅದೇ ದಿನ. ಇಡೀ ದೇಶದಲ್ಲಿ.

ಇನ್ನು ರೋಟಾ. ನಮ್ಮ ಡ್ಯೂಟಿ ಲಿಸ್ಟ್ ಅಂದುಕೊಳ್ಳಿ, ಆದರೆ ಯೂನಿಟ್ಟಿನ ಪಿಜಿ ಬಿಳಿ ಹಾಳೆಯಲ್ಲಿ ಬರೆದು ಡ್ಯೂಟಿ ರೂಮಿನ ಬಾಗಿಲಿಗೆ ಅಂಟಿಸುವ ಲಿಸ್ಟ್ ಅಲ್ಲ. ಅದೊಂದು ಚಕ್ರ. ಜಾತ್ರೆಯಲ್ಲಿ ತಿರುಗುವ ದೊಡ್ಡ ತೊಟ್ಟಿಲು ನೆನಪಿಸಿಕೊಳ್ಳಿ. ಎಂಟು ಜನ ಡಾಕ್ಟರು ಇದ್ದರೆ ಎಂಟು ಬುಟ್ಟಿ, ಎಂಟು ವಾರ. ಒಂದು ಬುಟ್ಟಿಯಲ್ಲಿ ಸೋಮವಾರದಿಂದ ಗುರುವಾರದವರೆಗೆ ನೈಟ್, ಇನ್ನೊಂದರಲ್ಲಿ ಶುಕ್ರ-ಶನಿ-ಭಾನು ನೈಟ್, ಮತ್ತೊಂದರಲ್ಲಿ ವಾರಾಂತ್ಯದ ಲಾಂಗ್ ಡೇ (ಬೆಳಗ್ಗೆಯಿಂದ ರಾತ್ರಿವರೆಗಿನ ಉದ್ದ ಡ್ಯೂಟಿ), ಉಳಿದವುಗಳಲ್ಲಿ ಮಾಮೂಲಿ ಹಗಲು ಕೆಲಸ, ನಡುನಡುವೆ ರಜಾದಿನ. ಎಲ್ಲರೂ ಎಲ್ಲ ಬುಟ್ಟಿಯಲ್ಲೂ ಒಮ್ಮೆ ಕೂರಬೇಕು, ಶುರು ಮಾಡುವ ಬುಟ್ಟಿ ಮಾತ್ರ ಬೇರೆ ಬೇರೆ. ತಿರುಗುತ್ತಿರುವಷ್ಟು ಕಾಲ ಇದು ಚೆನ್ನಾಗಿಯೇ ನಡೆಯುತ್ತದೆ, ಯಾರಿಗೂ ಜಾಸ್ತಿಯಿಲ್ಲ ಕಡಿಮೆಯಿಲ್ಲ.

ತೊಂದರೆ ಇರುವುದು ಇಳಿಯುವಾಗ ಮತ್ತು ಹತ್ತುವಾಗ. ಹಳೇ ಊರಿನ ತೊಟ್ಟಿಲು ಮಂಗಳವಾರ ನಿಲ್ಲುತ್ತದೆ, ನೀವು ಎಲ್ಲಿದ್ದೀರೋ ಅಲ್ಲಿಂದಲೇ ಇಳಿಯಬೇಕು, ಮೇಲಿದ್ದರೂ ಸರಿ. ಹೊಸ ಊರಿನ ತೊಟ್ಟಿಲಿನಲ್ಲಿ ಯಾವ ಬುಟ್ಟಿ ಖಾಲಿಯೋ ಅದಕ್ಕೆ ಹತ್ತಿಸುತ್ತಾರೆ. ಎರಡೂ ತೊಟ್ಟಿಲು ನಡೆಸುವವರು ಒಬ್ಬರನ್ನೊಬ್ಬರು ನೋಡಿಯೇ ಇಲ್ಲ.

ಒಂದು ಲೆಕ್ಕ ಹಾಕೋಣ. ಇಂಗ್ಲೆಂಡಿನ ಕಿರಿಯ ಡಾಕ್ಟರುಗಳ ಕೆಲಸದ 2016ರ ಒಪ್ಪಂದ, 2019ರಲ್ಲಿ ಬಿಗಿ ಮಾಡಿದ್ದು, ಕೆಲವು ಗಟ್ಟಿ ನಿಯಮ ಹಾಕಿದೆ. ಒಂದು ಶಿಫ್ಟ್ 13 ಗಂಟೆ ಮೀರಬಾರದು. ಸತತ 168 ಗಂಟೆಯಲ್ಲಿ, ಅಂದರೆ ಯಾವುದೇ ಏಳು ದಿನದಲ್ಲಿ, 72 ಗಂಟೆಗಿಂತ ಜಾಸ್ತಿ ಕೆಲಸ ಇರಬಾರದು. ಸಾಲಾಗಿ ಏಳು ಶಿಫ್ಟ್‌ಗಿಂತ ಹೆಚ್ಚು ಹಾಕಬಾರದು, ಸಾಲಾಗಿ ನಾಲ್ಕು ನೈಟ್‌ಗಿಂತ ಹೆಚ್ಚು ಹಾಕಬಾರದು. ನೈಟ್ ಎಷ್ಟೇ ಮಾಡಿರಲಿ, ಆಮೇಲೆ 46 ಗಂಟೆ ವಿಶ್ರಾಂತಿ. ಸರಾಸರಿ ವಾರಕ್ಕೆ 48 ಗಂಟೆ.

ಈಗ ಹಳೇ ಆಸ್ಪತ್ರೆಯಲ್ಲಿ ನಿಮಗೆ ಶುಕ್ರ, ಶನಿ, ಭಾನು ಹನ್ನೆರಡೂವರೆ ಗಂಟೆಯ ಲಾಂಗ್ ಡೇ, ಸೋಮ-ಮಂಗಳ ಎಂಟು ಎಂಟು ಗಂಟೆ. ಒಟ್ಟು 53.5 ಗಂಟೆ. ಅವರ ಚಕ್ರದಲ್ಲಿ ಇದರ ಮುಂದಿನ ಬುಧವಾರ-ಗುರುವಾರ ರಜೆ ಇದೆ, ಹಾಗಾಗಿ ನಿಯಮದ ಪ್ರಕಾರ ಎಲ್ಲ ಸರಿ. ಹೊಸ ಆಸ್ಪತ್ರೆಯ ಚಕ್ರದಲ್ಲಿ ನಿಮ್ಮ ಬುಟ್ಟಿಗೆ ಸೋಮ-ಮಂಗಳ ರಜೆ, ಬುಧ-ಗುರು ಲಾಂಗ್ ಡೇ, ಶುಕ್ರವಾರ ಮಾಮೂಲಿ ಹಗಲು. ಅದೂ ಸರಿ. ಆದರೆ ನೀವು ಹಳೇ ಚಕ್ರದ ಕೆಲಸದ ಭಾಗ ಮುಗಿಸಿ ಹೊಸ ಚಕ್ರದ ಕೆಲಸದ ಭಾಗಕ್ಕೆ ಬಂದಿದ್ದೀರಿ, ಎರಡೂ ಕಡೆಯ ರಜೆ ಮಧ್ಯದಲ್ಲೇ ಬಿದ್ದು ಹೋಯಿತು. 53.5ಕ್ಕೆ 25 ಸೇರಿಸಿ. ಏಳು ದಿನಕ್ಕೆ 78.5 ಗಂಟೆ. ಶುಕ್ರವಾರ ಸೇರಿದರೆ ಸಾಲಾಗಿ ಎಂಟನೇ ಶಿಫ್ಟ್. ಎರಡು ನಿಯಮ ಮುರಿದವು, ಮುರಿದವರು ಮಾತ್ರ ಯಾರೂ ಇಲ್ಲ. ರೋಟಾ ಪರೀಕ್ಷಿಸುವ ಸಾಫ್ಟ್‌ವೇರ್ ನೋಡುವುದು ಒಂದು ಆಸ್ಪತ್ರೆಯ ಚಕ್ರವನ್ನು. ಎರಡೂ ಕಡೆ ಹಸಿರು ದೀಪ.

ನನಗೆ ಇದಕ್ಕೇ ಸಿಟ್ಟು. ಬಟ್ಟೆ ಎರಡೂ ಚೆನ್ನಾಗಿದೆ, ಹರಿದಿರುವುದು ಹೊಲಿಗೆ. ಹೊಲಿಗೆಗೆ ಯಾರೂ ದರ್ಜಿ ಇಲ್ಲ.

ನೈಟ್ ಬಿದ್ದರೆ ಇನ್ನೂ ಮಜಾ. ಸೋಮ-ಮಂಗಳ-ಬುಧ-ಗುರು ಒಂದು ನೈಟ್ ಸೆಟ್ ಅಂತ ಹೇಳಿದೆನಲ್ಲ, ಬುಧವಾರದ ಬದಲಾವಣೆ (ಚೇಂಜೋವರ್ ಅನ್ನುತ್ತಾರೆ) ಈ ಸೆಟ್ಟನ್ನು ನಡುವೆ ಕತ್ತರಿಸುತ್ತದೆ. ಮೊದಲ ಎರಡು ರಾತ್ರಿ ಹೋಗುವವರಿಗೆ, ಕೊನೆಯ ಎರಡು ರಾತ್ರಿ ಬರುವವರಿಗೆ. ಮಂಗಳವಾರ ರಾತ್ರಿ ಯಾರಾದರೂ ವಾರ್ಡಿನಲ್ಲಿ ಇರಲೇಬೇಕು, ರೋಗಿಗಳಿಗೆ ಚೇಂಜೋವರ್ ಗೊತ್ತಿಲ್ಲ. ಆ ಯಾರೋ ಒಬ್ಬರು ಬುಧವಾರ ಬೆಳಗ್ಗೆ 9ಕ್ಕೆ ಹ್ಯಾಂಡೋವರ್ ಕೊಟ್ಟು, ಅಂದರೆ ರೋಗಿಗಳ ವಿವರ ಮುಂದಿನವರಿಗೆ ಒಪ್ಪಿಸಿ, ಹೊರಬೀಳುತ್ತಾರೆ. 46 ಗಂಟೆ ಎಣಿಸಿದರೆ ಶುಕ್ರವಾರ ಬೆಳಗ್ಗೆ 7. ಹೊಸ ಆಸ್ಪತ್ರೆಯ ಇಂಡಕ್ಷನ್, ಅಂದರೆ ಹೊಸದಾಗಿ ಸೇರಿದವರಿಗೆ ಆಸ್ಪತ್ರೆ ಪರಿಚಯಿಸುವ ಕಾರ್ಯಕ್ರಮ, ಬುಧವಾರ ಬೆಳಗ್ಗೆ.

ಒಂದು ಸಲ ಆ ಯಾರೋ ಒಬ್ಬ ನಾನೇ ಆಗಿದ್ದೆ. ಹೊಸ ಆಸ್ಪತ್ರೆಯಿಂದ ಇಮೇಲ್ ಬಂದಿತ್ತು: ಇಂಡಕ್ಷನ್ ಕಡ್ಡಾಯ, ತಪ್ಪಿಸಿದರೆ ಕಂಪ್ಯೂಟರ್ ಲಾಗಿನ್ ಸಿಗುವುದಿಲ್ಲ, ಲಾಗಿನ್ ಇಲ್ಲದೆ ಒಂದು ಪ್ಯಾರಾಸಿಟಮಾಲ್ ಕೂಡ ಬರೆಯಲಾಗುವುದಿಲ್ಲ. ಅಲ್ಲಿನ ರೋಟಾ ಕೋಆರ್ಡಿನೇಟರ್‌ಗೆ ಫೋನ್ ಮಾಡಿದೆ. ಒಳ್ಳೆ ಹೆಂಗಸು. ತನ್ನ ಎಕ್ಸೆಲ್ ಹಾಳೆ ನೋಡಿ, "ಮಂಗಳವಾರ ನಿಮಗೆ ಏನೂ ಡ್ಯೂಟಿ ಇಲ್ಲವಲ್ಲ ಡಾಕ್ಟರ್" ಅಂದರು. ಅವರ ಹಾಳೆಯಲ್ಲಿ ನಿಜವಾಗಿಯೂ ಇರಲಿಲ್ಲ. ಆ ಹಾಳೆ ಶುರುವಾಗುವುದೇ ಬುಧವಾರದಿಂದ. ಕೊನೆಗೆ ಹಳೇ ಆಸ್ಪತ್ರೆಯ ಗೆಳೆಯನೊಬ್ಬ ಪುಣ್ಯಕ್ಕೆ ಏಳೂವರೆಗೇ ಬಂದು ಬ್ಲೀಪ್ (ಡ್ಯೂಟಿ ಡಾಕ್ಟರನ್ನು ಕರೆಯುವ ಪೇಜರ್) ಇಸಿದುಕೊಂಡ, ನಾನು ಅರವತ್ತು ಕಿಲೋಮೀಟರ್ ಕಾರು ಓಡಿಸಿಕೊಂಡು ಹೋಗಿ, ಪಾರ್ಕಿಂಗ್ ಜಾಗ ಸಿಗದೆ ಎರಡು ಸುತ್ತು ಹಾಕಿ, ಇಂಡಕ್ಷನ್ ಹಾಲಿನ ಕೊನೆ ಸಾಲಿನಲ್ಲಿ ಕೂತೆ. ಪರದೆಯ ಮೇಲೆ ಸ್ಲೈಡ್ ಓಡುತ್ತಿತ್ತು: ನೈಟ್ ಮುಗಿಸಿದ ಮೇಲೆ ಕಾರು ಓಡಿಸಬೇಡಿ. ಟೀ ಬಿಡುವಿನಲ್ಲಿ ಐಡಿ ಕಾರ್ಡಿನ ಫೋಟೋ ತೆಗೆದರು. ಆರು ತಿಂಗಳು ಆ ಮುಖವನ್ನೇ ಕುತ್ತಿಗೆಗೆ ನೇತುಹಾಕಿಕೊಂಡು ತಿರುಗಿದೆ. ವಾರ್ಡಿನ ಅಜ್ಜಿಯೊಬ್ಬರು ಕಾರ್ಡನ್ನೂ ನನ್ನನ್ನೂ ಎರಡೆರಡು ಸಲ ನೋಡಿ, ನಿನಗೇ ಹುಷಾರಿಲ್ಲದ ಹಾಗಿದೆಯಲ್ಲ ಅಂದರು. ಅಂದ ಹಾಗೆ, ಆ ಲಾಗಿನ್ ಕೆಲಸ ಮಾಡಿದ್ದು ಸೋಮವಾರ.

ಇದೇ ಹೊಲಿಗೆ ನಮ್ಮೂರಿನಲ್ಲೂ ಇದೆ. ಹೌಸ್‌ಸರ್ಜನ್ ಆಗಿದ್ದಾಗ ಸರ್ಜರಿ ಪೋಸ್ಟಿಂಗಿನ ಕೊನೆ ರಾತ್ರಿ ಡ್ಯೂಟಿ ಮಾಡಿ ಬೆಳಗ್ಗೆ ಓಬಿಜಿಗೆ (ಹೆರಿಗೆ ವಿಭಾಗ) ರಿಪೋರ್ಟ್ ಮಾಡಬೇಕಿತ್ತು. ಆದರೆ ಎರಡೂ ಒಂದೇ ಕಟ್ಟಡ. ಮೆಟ್ಟಿಲು ಹತ್ತಿ ಹೋಗಿ "ಸರ್, ರಾತ್ರಿಯೆಲ್ಲ ಕ್ಯಾಷುಯಾಲಿಟಿಲಿದ್ದೆ" ಅಂದರೆ ಪಿಜಿ ಮುಖ ನೋಡಿ, "ಹೋಗು ಮಾರಾಯ, ಸ್ನಾನ ಮಾಡಿ ತಿಂಡಿ ತಿಂದು ಹತ್ತು ಗಂಟೆಗೆ ಬಾ" ಅನ್ನುತ್ತಿದ್ದರು. ವಿಶ್ರಾಂತಿ ಅಂತ ಇದನ್ನು ಕರೆಯಲು ಆಗುವುದಿಲ್ಲ, ನಮ್ಮಲ್ಲಿ 36 ಗಂಟೆ ಒಂದೇ ಸಮ ದುಡಿಸುವುದನ್ನು ನಾನು ಸಮರ್ಥಿಸುತ್ತಲೂ ಇಲ್ಲ. ಹೇಳುತ್ತಿರುವುದು ಇಷ್ಟೇ, ಎರಡೂ ಲಿಸ್ಟ್ ಗೊತ್ತಿರುವ ಒಬ್ಬ ಮನುಷ್ಯ ಅಲ್ಲಿದ್ದ.

ಹಿಂದೆ ಬ್ರಿಟನ್ನಿನಲ್ಲೂ ಇಷ್ಟು ತೊಡಕಿರಲಿಲ್ಲ. ಕಾರಣ ಒಳ್ಳೆಯದೇನಲ್ಲ. ಆಗ ಕಿರಿಯ ಡಾಕ್ಟರು ಆಸ್ಪತ್ರೆಯಲ್ಲೇ ವಾಸ, ಆನ್-ಕಾಲ್ ಅಂದರೆ ಅಲ್ಲೇ ಮಲಗಿ ಕರೆದಾಗ ಎದ್ದು ಹೋಗುವುದು. 2000ದಲ್ಲಿ ಮತ್ತು 2003ರಲ್ಲಿ ಯುರೋಪಿನ ನ್ಯಾಯಾಲಯ ಎರಡು ತೀರ್ಪು ಕೊಟ್ಟಿತು, ಮೊದಲನೆಯದು ಸ್ಪೇನಿನ ಕೇಸು, ಎರಡನೆಯದು ಜರ್ಮನಿಯ ಡಾಕ್ಟರೊಬ್ಬರದು. ಆಸ್ಪತ್ರೆಯಲ್ಲಿ ಮಲಗಿದ್ದರೂ ಅದು ಕೆಲಸದ ಸಮಯವೇ ಅಂತ ಆಯಿತು. 2009ರ ಆಗಸ್ಟಿಗೆ ವಾರಕ್ಕೆ 48 ಗಂಟೆಯ ಮಿತಿ ಕಿರಿಯ ಡಾಕ್ಟರುಗಳಿಗೂ ಬಂತು. ಒಬ್ಬ ಮಾಡುತ್ತಿದ್ದ ಆನ್-ಕಾಲ್ ಹಗಲು, ಸಂಜೆ, ರಾತ್ರಿ ಅಂತ ಒಡೆದು ಶಿಫ್ಟ್ ಆಯಿತು. ಶಿಫ್ಟ್ ಜಾಸ್ತಿ ಆದಷ್ಟೂ ಚಕ್ರ ಗೋಜಲು, ಬುಧವಾರದ ಕತ್ತರಿ ಯಾವುದಾದರೂ ಶಿಫ್ಟಿನ ಮೇಲೆ ಬೀಳುವುದೂ ಅಷ್ಟೇ ಜಾಸ್ತಿ. ಹಳೇ ಕಾಲಕ್ಕೆ ವಾಪಸ್ ಹೋಗೋಣ ಅಂತ ಯಾರೂ ಕೇಳುತ್ತಿಲ್ಲ, ಕೇಳಬಾರದು.

ಈಗ ಅಮ್ಮನ ಪ್ರಶ್ನೆಗೆ ಬರೋಣ, ರಜೆಗೆ. 2026ರ ಲೆಕ್ಕ ಹಿಡಿಯಿರಿ. ಆಗಸ್ಟಿನ ಮೊದಲ ಬುಧವಾರ 5ನೇ ತಾರೀಖು. ಪದ್ಧತಿಯ ಪ್ರಕಾರ ಟ್ರೈನಿಂಗ್ ನೋಡಿಕೊಳ್ಳುವ ಕಚೇರಿ 12 ವಾರ ಮೊದಲು, ಅಂದರೆ ಮೇ 13ಕ್ಕೆ, ಯಾರು ಬರುತ್ತಾರೆ ಅಂತ ಆಸ್ಪತ್ರೆಗೆ ತಿಳಿಸಬೇಕು. ಎಂಟು ವಾರ ಮೊದಲು, ಜೂನ್ 10ಕ್ಕೆ, ಕೆಲಸದ ಒಟ್ಟು ಸ್ವರೂಪ ಡಾಕ್ಟರ ಕೈಗೆ ಬರಬೇಕು. ಆರು ವಾರ ಮೊದಲು, ಜೂನ್ 24ಕ್ಕೆ, ಯಾವ ದಿನ ಯಾವ ಡ್ಯೂಟಿ ಅನ್ನುವ ನಿಜವಾದ ರೋಸ್ಟರ್. ಚೆನ್ನಾಗಿದೆ ಅಲ್ವಾ? ಇನ್ನು ರಜೆಗೆ ಸಾಮಾನ್ಯ ನಿಯಮ ಏನು ಅಂದರೆ ಆರು ವಾರದ ನೋಟಿಸ್ ಕೊಡಬೇಕು. ತಮ್ಮನ ಮದುವೆ ಆಗಸ್ಟ್ 20 ಅಂದುಕೊಳ್ಳಿ. ಜುಲೈ 9ರೊಳಗೆ ಅರ್ಜಿ ಹೋಗಬೇಕು. ರೋಸ್ಟರ್ ಹೇಳಿದ ದಿನವೇ ಬಂದರೂ ಕೈಯಲ್ಲಿ ಉಳಿಯುವುದು ಎರಡು ವಾರ. ರೋಸ್ಟರ್ ಮೂರು ವಾರ ತಡವಾದರೆ ಅರ್ಜಿ ಹಾಕುವ ಗಡುವು ಅದು ಬರುವ ಮೊದಲೇ ಮುಗಿದಿರುತ್ತದೆ. ಅಷ್ಟರಲ್ಲಿ ವಿಮಾನದ ಟಿಕೆಟ್ಟಿನ ಬೆಲೆ ಎಲ್ಲಿಗೆ ಮುಟ್ಟಿರುತ್ತದೆ ಅಂತ ಲಂಡನ್-ಬೆಂಗಳೂರು ಓಡಾಡುವವರಿಗೆ ಹೇಳಬೇಕಿಲ್ಲ.

ತಡ ಆಗುವುದಕ್ಕೂ ಕಾರಣ ಇದೆ, ಎಲ್ಲ ಸಲವೂ ಸೋಮಾರಿತನ ಅಲ್ಲ. ಮೇ ತಿಂಗಳಲ್ಲಿ ಹನ್ನೆರಡು ಹೆಸರು ಬಂದಿರುತ್ತದೆ. ಜೂನಿನಲ್ಲಿ ಒಬ್ಬರಿಗೆ ಹೆರಿಗೆ ರಜೆ, ಇನ್ನೊಬ್ಬರು ಆಸ್ಟ್ರೇಲಿಯಾಕ್ಕೆ ಹೊರಟರು, ಮತ್ತೊಬ್ಬರು ಶೇಕಡಾ 60ರಷ್ಟು ಮಾತ್ರ ಕೆಲಸ ಮಾಡುವ ಒಪ್ಪಂದ ಪಡೆದರು. ಒಂದೊಂದು ಹೆಸರು ಬಿದ್ದಾಗಲೂ ಚಕ್ರ ಮತ್ತೆ ಕಟ್ಟಬೇಕು, ಹನ್ನೆರಡು ಬುಟ್ಟಿಯ ತೊಟ್ಟಿಲಿಗೆ ಒಂಬತ್ತೂವರೆ ಜನ. ಅದನ್ನು ಕಟ್ಟುವವರು ಹೆಚ್ಚಾಗಿ ಒಬ್ಬ ಕೋಆರ್ಡಿನೇಟರ್ ಮತ್ತು ಒಂದು ಎಕ್ಸೆಲ್ ಹಾಳೆ. ನನಗೆ ಅವರ ಮೇಲೆ ಕೋಪ ಬರುವುದಿಲ್ಲ.

ರಜೆಯ ಒಟ್ಟು ಲೆಕ್ಕವೂ ತುಂಡಾಗುತ್ತದೆ. ಮೊದಲ ವರ್ಷಗಳಲ್ಲಿ ವರ್ಷಕ್ಕೆ 27 ದಿನ, ನಾಲ್ಕು ತಿಂಗಳ ಕೆಲಸಕ್ಕೆ ಒಂಬತ್ತು. ಆ ಒಂಬತ್ತನ್ನು ಆ ಕೆಲಸದಲ್ಲೇ ಮುಗಿಸಬೇಕು ಅನ್ನುತ್ತಾರೆ, ಮುಂದಿನ ಆಸ್ಪತ್ರೆಗೆ ಕೊಂಡೊಯ್ಯುವುದು ಕಷ್ಟ. ಊರಿಗೆ ಮೂರು ವಾರ ಬರಬೇಕು ಅಂದರೆ ಬದಲಾವಣೆಯ ಈಚೆ ಸ್ವಲ್ಪ, ಆಚೆ ಸ್ವಲ್ಪ ಅಂತ ಎರಡು ಆಸ್ಪತ್ರೆಯಿಂದ ರಜೆ ಜೋಡಿಸಬೇಕು. ಹಳೇ ಆಸ್ಪತ್ರೆಯವರು ಹೂಂ ಅಂದರೂ ಹೊಸ ಆಸ್ಪತ್ರೆಯವರು ಮೊದಲ ವಾರ ಇಂಡಕ್ಷನ್, ಆಗುವುದಿಲ್ಲ ಅನ್ನುತ್ತಾರೆ. ಸ್ವಂತ ಮದುವೆಯಂಥ ದೊಡ್ಡ ಸಂದರ್ಭಕ್ಕೆ ಸಾಕಷ್ಟು ಮೊದಲೇ ತಿಳಿಸಿದರೆ ರಜೆ ಕೊಡಲೇಬೇಕು ಅಂತ ಒಪ್ಪಂದದಲ್ಲಿದೆ. ತಮ್ಮನ ಮದುವೆ ಆ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಅಂತ ವಾದ ಮಾಡುತ್ತಾ ಕೂರಬೇಕು. ಅಣ್ಣ ಇಲ್ಲದೆ ತಮ್ಮನ ಧಾರೆ ಹೇಗೆ ಅಂತ ಇಂಗ್ಲಿಷಿನಲ್ಲಿ ವಿವರಿಸಿ ನೋಡಿ.

ಸಂಬಳದ ಗಲಿಬಿಲಿ ಬೇಗ ಹೇಳಿ ಮುಗಿಸುತ್ತೇನೆ. ಬಹಳ ಕಡೆ ಪ್ರತಿ ಆಸ್ಪತ್ರೆ ಒಬ್ಬ ಬೇರೆ ಮಾಲೀಕ. ಕೆಲಸ ಬಿಟ್ಟಾಗ ಹಳೇ ಮಾಲೀಕ ಕೊಡುವ ಸಂಬಳ-ತೆರಿಗೆ ವಿವರದ ಪಿ45 ಕಾಗದ ಹೊಸ ಮಾಲೀಕನಿಗೆ ತಲುಪದಿದ್ದರೆ ತುರ್ತು ಟ್ಯಾಕ್ಸ್ ಕೋಡ್ ಬೀಳುತ್ತದೆ, ಮೊದಲ ತಿಂಗಳ ಸಂಬಳ ಕಚಕ್ ಅಂತ ಕಡಿಮೆ. ಬೆಂಕಿ ಬಿದ್ದರೆ ಏನು ಮಾಡಬೇಕು, ಭಾರ ಹೇಗೆ ಎತ್ತಬೇಕು ಅನ್ನುವ ಆನ್‌ಲೈನ್ ಪಾಠಗಳನ್ನು ಹೋದಲ್ಲೆಲ್ಲ ಮತ್ತೆ ಮಾಡಬೇಕು. ಬೆಂಕಿ ಆರಿಸುವುದು ನಾರ್ವಿಚ್ಚಿಗೊಂದು ಥರ, ಲೂಟನ್ನಿಗೊಂದು ಥರ ಇದ್ದ ಹಾಗೆ.

ರೋಗಿಗೆ ಇದರಿಂದ ಏನಾಗುತ್ತದೆ? ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು 2009ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 2000ದಿಂದ 2008ರವರೆಗೆ ಇಂಗ್ಲೆಂಡಿನ ಆಸ್ಪತ್ರೆಗಳಿಗೆ ತುರ್ತಾಗಿ ದಾಖಲಾದ ಸುಮಾರು 3 ಲಕ್ಷ ಜನರ ಲೆಕ್ಕ. ಜುಲೈ ಕೊನೆಯ ಬುಧವಾರ ದಾಖಲಾದವರಿಗೆ ಹೋಲಿಸಿದರೆ ಆಗಸ್ಟ್ ಮೊದಲ ಬುಧವಾರ ದಾಖಲಾದವರು ಆ ವಾರ ಸಾಯುವ ಸಂಭವ, ವಯಸ್ಸು ಕಾಯಿಲೆ ಎಲ್ಲ ಸರಿದೂಗಿಸಿದ ಮೇಲೆ, ಶೇಕಡಾ 6ರಷ್ಟು ಹೆಚ್ಚು. ಕಾರಣ ಡಾಕ್ಟರುಗಳ ಬದಲಾವಣೆಯೇ ಅಂತ ಈ ಲೆಕ್ಕ ಸಾಬೀತು ಮಾಡುವುದಿಲ್ಲ, ವ್ಯತ್ಯಾಸವೂ ಸಣ್ಣದು. ಪತ್ರಿಕೆಗಳು ಮಾತ್ರ ಆ ದಿನಕ್ಕೆ ಕರಾಳ ಬುಧವಾರ ಅಂತ ಹೆಸರಿಟ್ಟವು. ಎಲ್ಲರೂ ಹೊಸಬರ ಅನುಭವವಿಲ್ಲದಿರುವುದನ್ನು ಬೈಯುತ್ತಾರೆ. ಹೊಸಬರು ಒಂದು ಭಾಗ ಅಷ್ಟೇ. ಅದೇ ದಿನ ಎರಡು, ಐದು ವರ್ಷದ ಅನುಭವ ಇರುವವರೂ ಕ್ರ್ಯಾಶ್ ಟ್ರಾಲಿ (ಹೃದಯ ನಿಂತಾಗ ಬೇಕಾಗುವ ಸಾಮಾನಿನ ಗಾಡಿ) ಎಲ್ಲಿದೆ ಅಂತ ಹುಡುಕುತ್ತಿರುತ್ತಾರೆ, ಅವರಲ್ಲಿ ಕೆಲವರು ನಿದ್ದೆ ಮಾಡಿರುವುದಿಲ್ಲ.

ಸರಿಪಡಿಸಲು ಏನೂ ಮಾಡಿಲ್ಲ ಅನ್ನಲಾಗುವುದಿಲ್ಲ. 2012ರಿಂದ ಇಂಗ್ಲೆಂಡಿನಲ್ಲಿ ಮೊದಲ ವರ್ಷದವರಿಗೆ ಕನಿಷ್ಠ ನಾಲ್ಕು ದಿನ ಸಂಬಳ ಕೊಟ್ಟು ಹಳಬರ ಬೆನ್ನಿಗೆ ಬಿಟ್ಟು ಕಲಿಸುತ್ತಾರೆ. ಬಹಳ ಆಸ್ಪತ್ರೆಗಳು ಆ ಬುಧವಾರ ತುರ್ತಲ್ಲದ ಆಪರೇಷನ್, ಕ್ಲಿನಿಕ್ ಕಡಿಮೆ ಮಾಡುತ್ತವೆ. ಹಿರಿಯ ಟ್ರೈನಿಗಳು ಆಗಸ್ಟಿನ ಬದಲು ಬೇರೆ ತಿಂಗಳಲ್ಲಿ ಬದಲಾಗಲಿ ಅನ್ನುವ ಸಲಹೆ ಕೆಲವು ವಿಭಾಗಗಳಲ್ಲಿ ಜಾರಿಯಲ್ಲಿದೆ. ವೇಲ್ಸ್‌ನಲ್ಲಿ ಟ್ರೈನಿಂಗ್ ಡಾಕ್ಟರುಗಳಿಗೆ ಒಬ್ಬರೇ ಮಾಲೀಕರು, ಎಲ್ಲಿ ಕೆಲಸ ಮಾಡಿದರೂ ಸಂಬಳ ಅಲ್ಲಿಂದಲೇ. 2025ರ ಆಗಸ್ಟ್ ಕೊನೆಯಲ್ಲಿ ಇಂಗ್ಲೆಂಡಿನ ಎನ್‌ಎಚ್‌ಎಸ್ 10 ಅಂಶಗಳ ಯೋಜನೆ ಹೊರಡಿಸಿತು, ಅದರಲ್ಲಿ ಸಂಬಳದ ತಪ್ಪು, ಮತ್ತೆ ಮತ್ತೆ ಮಾಡುವ ಪಾಠ, ರಜೆ, ಒಬ್ಬನೇ ಮಾಲೀಕನ ಪದ್ಧತಿ ಎಲ್ಲ ಇದೆ. ಒಬ್ಬನೇ ಮಾಲೀಕ ಬಂದರೆ ಟ್ಯಾಕ್ಸ್ ಕೋಡ್ ಸರಿಹೋಗುತ್ತದೆ. ಆದರೆ ರೋಟಾ ಆಗಲೂ ಆಯಾ ಆಸ್ಪತ್ರೆಯೇ ಬರೆಯುತ್ತದೆ, ಮಂಗಳವಾರ ರಾತ್ರಿಯ ಡ್ಯೂಟಿ ಬುಧವಾರದ ಹಾಳೆಯಲ್ಲಿ ಆಗಲೂ ಕಾಣುವುದಿಲ್ಲ.

ನಿಜ ಹೇಳಬೇಕೆಂದರೆ ಆ ರಾತ್ರಿಗಳನ್ನು ಇವತ್ತು ಹೊತ್ತಿರುವವರಲ್ಲಿ ಬಹಳಷ್ಟು ನಮ್ಮವರೇ. ಹೊರದೇಶದ ಡಾಕ್ಟರುಗಳಿಗೆ ಬ್ರಿಟನ್ ನಡೆಸುವ ಪ್ಲ್ಯಾಬ್ ಪರೀಕ್ಷೆ ಪಾಸಾಗಿ ಹೋದ ಭಾರತದ ಡಾಕ್ಟರುಗಳು ಟ್ರೈನಿಂಗ್ ಸೀಟು ಸಿಗುವವರೆಗೆ ಒಂದೇ ಆಸ್ಪತ್ರೆಯ ನೇರ ನೌಕರರಾಗಿ ಇರುತ್ತಾರೆ, ಟ್ರಸ್ಟ್ ಗ್ರೇಡ್ ಅಂತಲೋ ಕ್ಲಿನಿಕಲ್ ಫೆಲೋ ಅಂತಲೋ ಹೆಸರು (ಟ್ರಸ್ಟ್ ಅಂದರೆ ಆಸ್ಪತ್ರೆ ನಡೆಸುವ ಸಂಸ್ಥೆ). ಇವರು ಬುಧವಾರ ಎಲ್ಲೂ ಹೋಗುವುದಿಲ್ಲ. ಆದ್ದರಿಂದ ಚೇಂಜೋವರ್ ವಾರದ ನೈಟ್ ಇವರ ತಲೆಗೇ, ಆ ವಾರ ರಜೆ ಕೇಳುವ ಹಾಗೂ ಇಲ್ಲ. ಹೊಸಬರಿಗೆ ಯಾವ ರಕ್ತಪರೀಕ್ಷೆಗೆ ಯಾವ ಬಣ್ಣದ ಮುಚ್ಚಳದ ಬಾಟಲಿ, ಡ್ರಗ್ ಕಪಾಟಿನ ಕೀಲಿ ಯಾರ ಹತ್ತಿರ ಅಂತ ತೋರಿಸಿಕೊಡುವುದೂ ಇವರೇ.

ಕರ್ನಾಟಕಕ್ಕೂ ಈಗ ಇದರ ಒಂದು ಸಣ್ಣ ಕಂತು ಬಂದಿದೆ. 2021ರ ಬ್ಯಾಚಿನಿಂದ ಎಂಡಿ, ಎಂಎಸ್ ಓದುವವರು ಮೂರು ತಿಂಗಳು ಜಿಲ್ಲಾ ಆಸ್ಪತ್ರೆಯಲ್ಲಿ ಕೆಲಸ ಮಾಡಬೇಕು, ಡಿಸ್ಟ್ರಿಕ್ಟ್ ರೆಸಿಡೆನ್ಸಿ ಪ್ರೋಗ್ರಾಂ, ಡಿಆರ್‌ಪಿ ಅಂತ ಕರೆಯುತ್ತಾರೆ. ಮೊದಲ ಸಲ ನಮ್ಮ ಪಿಜಿಗಳಿಗೂ ಎರಡು ಆಸ್ಪತ್ರೆ, ಎರಡು ಡ್ಯೂಟಿ ಲಿಸ್ಟ್. ಕಾಲೇಜಿನ ಯೂನಿಟ್ಟಿನಲ್ಲಿ ಒಬ್ಬರು ಹೋದರೆ ಅವರ ಆನ್-ಕಾಲ್ ಉಳಿದವರ ಮೇಲೆ ಬೀಳುತ್ತದೆ, ಹೋಗುವವರು ಕೊನೆ ರಾತ್ರಿ ಡ್ಯೂಟಿ ಮುಗಿಸಿ ಬಸ್ಸು ಹಿಡಿಯುತ್ತಾರೆ. ಇಲ್ಲಿ ಫೋನ್ ಮಾಡಿ ಹೇಳಿಕೊಂಡರೆ ನಡೆಯುತ್ತದೆ, ಇನ್ನೂ ಸ್ವಲ್ಪ ಕಾಲ ನಡೆಯಬಹುದು.

ಅಲ್ಲಿಗೆ ಹೊರಟಿರುವವರಿಗೆ ನನಗೆ ಗೊತ್ತಿರುವ ಒಂದೇ ಉಪಾಯ ಹೇಳುತ್ತೇನೆ. ಎರಡೂ ರೋಸ್ಟರ್ ಕೈಯಲ್ಲಿರುವ ಏಕೈಕ ಮನುಷ್ಯ ನೀವೇ, ಹಾಗಾಗಿ ಹೊಲಿಗೆ ನೋಡುವ ಕೆಲಸ ನಿಮ್ಮದೇ ಆಗಿಬಿಟ್ಟಿದೆ, ಅದು ತಪ್ಪು ಅನ್ನುವುದು ಬೇರೆ ಮಾತು. ಹೊಸ ರೋಸ್ಟರ್ ಬಂದ ದಿನವೇ ಹಳೆಯದರ ಕೊನೆ ವಾರ, ಹೊಸದರ ಮೊದಲ ವಾರ ಒಂದೇ ಹಾಳೆಯಲ್ಲಿ ಬರೆಯಿರಿ, ಗಂಟೆ ಕೂಡಿಸಿ. ಆಮೇಲೆ ಇಮೇಲ್ ಮಾಡಿ, ಫೋನ್ ಬೇಡ. ಸುಸ್ತಾಗುತ್ತದೆ, ದಯವಿಟ್ಟು ಅರ್ಥ ಮಾಡಿಕೊಳ್ಳಿ ಅಂತ ಬರೆಯಬೇಡಿ. ಹಳೇ ರೋಸ್ಟರಿನ ಸ್ಕ್ರೀನ್‌ಶಾಟ್ ಹಾಕಿ, ಇಷ್ಟು ಗಂಟೆಗೆ ನೈಟ್ ಮುಗಿಯುತ್ತದೆ, 46 ಗಂಟೆ ಇಲ್ಲಿಗೆ ಬರುತ್ತದೆ, ಬದಲಿ ಇಂಡಕ್ಷನ್ ದಿನ ತಿಳಿಸಿ ಅಂತ ನಾಲ್ಕು ಸಾಲು. ಡ್ಯೂಟಿ ಗಂಟೆಗಳ ಮೇಲೆ ಕಣ್ಣಿಡಲು ಪ್ರತಿ ಟ್ರಸ್ಟ್‌ನಲ್ಲೂ ಒಬ್ಬ ಗಾರ್ಡಿಯನ್ ಇರುತ್ತಾರೆ, 2016ರ ಒಪ್ಪಂದ ತಂದ ಹುದ್ದೆ ಅದು, ಅವರಿಗೊಂದು ಕಾಪಿ.

ಮುಂದಿನ ಬದಲಾವಣೆಗೆ ನಾನು ಹಾಗೇ ಬರೆದೆ. ಮಾರನೇ ದಿನ ಉತ್ತರ ಬಂತು: ಶುಕ್ರವಾರದ ಇಂಡಕ್ಷನ್‌ಗೆ ಹೆಸರು ಹಾಕಿದ್ದೇನೆ, ಬುಧವಾರ ಮನೆಯಲ್ಲಿ ಮಲಗಿ, ನಿಮ್ಮ ಹಾಗೆ ಇನ್ನೂ ಯಾರಾದರೂ ಇದ್ದರೆ ನನಗೆ ಬರೆಯಲು ಹೇಳಿ. ನೋಡಿದರೆ ಇನ್ನೂ ಮೂರು ಜನ ಇದ್ದರು.